ನೀರು ಕುಡಿದರೆ ನೆತ್ತಿಗೆ ಹತ್ತುವ ಮಗಳು, ದಾವಣಗೆರೆಯ ಒಂದು ಕ್ಲಿನಿಕ್, ಏಳು ತಿಂಗಳು

ಪಿ.ಜೆ. ಬಡಾವಣೆಯಲ್ಲಿ ಒಂದು ಮೆಡಿಕಲ್ ಶಾಪಿನ ಮೇಲೆ ಸಣ್ಣ ಸ್ಪೀಚ್ ಥೆರಪಿ ಕ್ಲಿನಿಕ್ ಇದೆ. ಏಳು ತಿಂಗಳಿಂದ ಜಗಳೂರಿನಿಂದ ಬಸ್ಸಿನಲ್ಲಿ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ. ಸ್ಪೀಚ್ ಥೆರಪಿ ಅಂದರೆ ಮಾತು ಕಲಿಸುವುದು ಅಷ್ಟೇ ಅಂದುಕೊಂಡಿದ್ದೆ. ನುಂಗುವ ತೊಂದರೆಯನ್ನೂ ಅವರೇ ನೋಡುತ್ತಾರೆ ಅಂತ ಮಕ್ಕಳ ಡಾಕ್ಟರು ಹೇಳಿದರು, ಅದೂ ಮೂರನೇ ಸಲ ನ್ಯುಮೋನಿಯಾ ಆಗಿ ಅಡ್ಮಿಟ್ ಮಾಡಿದ ಮೇಲೆ.

ಮಗಳಿಗೆ ಮೂರು ವರ್ಷ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಸ್ನಾಯುಗಳು ಹಿಡಿತಕ್ಕೆ ಬಾರದ ಸ್ಥಿತಿ) ಇದೆ. ನೀರು ಕುಡಿಸಿದರೆ ಕೆಮ್ಮು, ಕಣ್ಣಲ್ಲಿ ನೀರು. ನೆತ್ತಿಗೆ ಹತ್ತಿತು ಅಂತ ತಲೆ ತಟ್ಟುತ್ತಿದ್ದೆವು, ಯಾರೋ ನೆನೆಸಿಕೊಂಡರು ಅಂತ ಅತ್ತೆ ಹೇಳುತ್ತಿದ್ದರು. ಆ ನೀರು ಶ್ವಾಸನಾಳಕ್ಕೆ ಇಳಿಯುತ್ತಿತ್ತು ಅಂತ ಯಾರಿಗೆ ಗೊತ್ತಿತ್ತು?

ಮೊದಲ ದಿನ ಕ್ಲಿನಿಕ್ಕಿನ ಥೆರಪಿಸ್ಟ್ ಮೇಡಂ ಫೈಲ್ ಬದಿಗಿಟ್ಟು, ಮನೆಯಲ್ಲಿ ಹೇಗೆ ತಿನ್ನಿಸುತ್ತೀರೋ ಹಾಗೇ ತಿನ್ನಿಸಿ ಅಂದರು. ನಾನು ಕಾಲು ಚಾಚಿ, ಮಗಳನ್ನು ಮಲಗಿಸಿಕೊಂಡು, ಒಳಲೆಯಲ್ಲಿ ರಾಗಿ ಗಂಜಿ ಹೊಯ್ದೆ. ಎರಡು ಗುಟುಕಿಗೆ ನಿಲ್ಲಿಸಿದರು. ಅವಳ ಕುತ್ತಿಗೆ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕಿವಿಗೆ ಹಾಕುವ ತುದಿ ನನಗೇ ಕೊಟ್ಟರು. ನುಂಗಿ ಆದ ಮೇಲೂ ಒಳಗೆ ಗೊರಗೊರ ಅನ್ನುತ್ತಿತ್ತು. ನನಗೆ ಅಳು ಬಂತು. ಅವರು ಬೈಯಲಿಲ್ಲ. ಮಲಗಿಸಿ ಹೊಯ್ದರೆ ಮಗು ನುಂಗಲು ತಯಾರಾಗುವ ಮೊದಲೇ ಗಂಟಲಿಗೆ ಹೋಗಿಬಿಡುತ್ತೆ ಅಂತ ನಿಧಾನಕ್ಕೆ ಬಿಡಿಸಿ ಹೇಳಿದರು.

ಆಮೇಲೆ ಕೂರಿಸುವುದು ಕಲಿಸಿದರು. ಸಣ್ಣ ಪ್ಲಾಸ್ಟಿಕ್ ಕುರ್ಚಿ, ಎರಡೂ ಪಕ್ಕಕ್ಕೆ ಸುತ್ತಿದ ಟವೆಲ್, ಕಾಲು ಜೋತಾಡದ ಹಾಗೆ ಕೆಳಗೊಂದು ಮಣೆ, ಗದ್ದ ಸ್ವಲ್ಪ ಕೆಳಗೆ. ಚಪ್ಪಟೆ ಚಮಚದಲ್ಲಿ ಅರ್ಧ ಚಮಚ ಮಾತ್ರ. ನಾಲಿಗೆ ಮೇಲಿಟ್ಟು ಅವಳೇ ತುಟಿ ಮುಚ್ಚುವ ತನಕ ಕಾಯಬೇಕು. ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸುವ ಹಾಗಿಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಗಂಜಿ ಎಷ್ಟು ಗಟ್ಟಿ ಇದೆ ಅಂತ ನೋಡುವ ಸಿರಿಂಜ್. 10 ಎಂಎಲ್ ಸಿರಿಂಜಿನ ಮೂತಿಗೆ ಬೆರಳು ಒತ್ತಿ ಗಂಜಿ ತುಂಬಿಸಬೇಕು, ಬೆರಳು ತೆಗೆದು 10 ಸೆಕೆಂಡ್ ಸುರಿಯಲು ಬಿಡಬೇಕು, ಎಷ್ಟು ಉಳಿಯಿತು ನೋಡಬೇಕು. ಐಡಿಡಿಎಸ್‌ಐ ಅನ್ನುವ ಈ ಪದ್ಧತಿಯಲ್ಲಿ ಕುಡಿಯುವುದು, ತಿನ್ನುವುದು ಎಷ್ಟು ತೆಳು, ಎಷ್ಟು ಗಟ್ಟಿ ಅಂತ ಹೇಳಲು 0ಯಿಂದ 7ರವರೆಗೆ ಹಂತಗಳಿವೆ. ನಮ್ಮವಳಿಗೆ ಹೇಳಿದ್ದು 2, ಅಂದರೆ 4ರಿಂದ 8 ಎಂಎಲ್ ಉಳಿಯಬೇಕು. ಬೇರೆ ಮಗುವಿಗೆ ಬೇರೆ ಹಂತ ಇರುತ್ತೆ, ಸುಮ್ನೆ ನೋಡಿ ಮಾಡಬೇಡಿ. ಎಲ್ಲ ಕಂಪನಿಯ ಸಿರಿಂಜೂ ಒಂದೇ ಉದ್ದ ಇರಲ್ಲ, ಅದಕ್ಕೆ ಅವರು ಕೊಟ್ಟದ್ದನ್ನೇ ತೊಳೆದಿಟ್ಟುಕೊಂಡಿದ್ದೇನೆ. ರಾಗಿ ಗಂಜಿ ಆರಿದಷ್ಟೂ ಗಟ್ಟಿಯಾಗುತ್ತೆ ಅಲ್ವಾ, ಹಾಗಾಗಿ ಕುಡಿಸುವ ಮುಂಚೆ ಇನ್ನೊಮ್ಮೆ ನೋಡುತ್ತೇನೆ.

ತಿಳಿಸಾರು ಅನ್ನ ಬೇಡ ಅಂದಾಗ ಅತ್ತೆಗೆ ಒಪ್ಪಿಗೆಯೇ ಆಗಲಿಲ್ಲ. ಮಗು ಅನ್ನ ಬಾಯಲ್ಲಿಟ್ಟುಕೊಂಡಿರುವಾಗಲೇ ಸಾರು ಹರಿದು ಗಂಟಲು ಸೇರುತ್ತೆ ಅಂತ ಮೇಡಂ ಅವರನ್ನೇ ಕೂರಿಸಿಕೊಂಡು ತೋರಿಸಿದರು. ಈಗ ಅತ್ತೆಯೇ ಬೇಳೆ, ಅನ್ನ, ತುಪ್ಪ ಹಾಕಿ ನುಣ್ಣಗೆ ಕಿವುಚಿ ಕೊಡುತ್ತಾರೆ. ಮಂಡಕ್ಕಿ, ಶೇಂಗಾ ಮನೆಯಲ್ಲಿ ಅವಳ ಕೈಗೆ ಸಿಗದ ಹಾಗೆ ಇಡುತ್ತೇವೆ.

ಕೊರತೆಯೂ ಇದೆ. ಲಿಫ್ಟ್ ಇಲ್ಲ, ಮಗುವನ್ನು ಎತ್ತಿಕೊಂಡು ಕಡಿದಾದ ಮೆಟ್ಟಿಲು ಹತ್ತಬೇಕು. ಕೊಟ್ಟ ಟೈಮಿಗೆ ಒಳಗೆ ಕರೆದದ್ದೇ ಕಮ್ಮಿ, ಒಂದು ಸಲ ಎರಡು ಗಂಟೆ ಕಾದೆವು, ಅಷ್ಟರಲ್ಲಿ ಹಸಿದು ಅತ್ತು ಮಗಳು ಏನೂ ತಿನ್ನಲಿಲ್ಲ. ನುಂಗುವಾಗ ತೆಗೆಯುವ ವಿಡಿಯೋ ಎಕ್ಸ್‌ರೇ ಅವರಲ್ಲಿಲ್ಲ. ಕೆಲವು ಮಕ್ಕಳಿಗೆ ಕೆಮ್ಮೇ ಬರದೆ ಒಳಗೆ ಹೋಗುತ್ತಿರುತ್ತೆ, ಅದು ಸ್ಟೆತಾಸ್ಕೋಪಿಗೆ ಸಿಗದೇ ಹೋಗಬಹುದು ಅಂತ ನೇರವಾಗಿ ಹೇಳಿ ಬೇರೆ ಕಡೆಗೆ ಬರೆದುಕೊಟ್ಟರು. ಅದಕ್ಕೇ ಅವರ ಮೇಲೆ ನಂಬಿಕೆ ಹೆಚ್ಚಾಯಿತು.

ಈ ಏಳು ತಿಂಗಳಲ್ಲಿ ಒಂದು ಸಲವೂ ಅಡ್ಮಿಟ್ ಆಗಿಲ್ಲ. 9 ಕೆಜಿ ಇದ್ದವಳು 10.4 ಆಗಿದ್ದಾಳೆ. ಹೋದ ವಾರ ಬರುವಾಗ ಬೆಣ್ಣೆ ದೋಸೆ ತೆಗೆದುಕೊಂಡೆವು. ಅದರ ಆಲೂಗಡ್ಡೆ ಪಲ್ಯವನ್ನು ಬೆಣ್ಣೆ ಹಾಕಿ ಕಿವುಚಿ ಕೊಟ್ಟೆ. ಆರು ಚಮಚ ತಿಂದು, ಏಳನೆಯದಕ್ಕೆ ತಾನೇ ಬಾಯಿ ತೆರೆದಳು.

ಹೋಗುವವರು ಮಗುವಿಗೆ ಹಸಿವಾಗುವ ಹೊತ್ತಿಗೆ ಟೈಮ್ ಕೇಳಿ. ಮನೆಯ ಊಟ, ಮನೆಯ ಚಮಚ ಒಯ್ಯಿರಿ. ಭಾನುವಾರ ರಜೆ.