ಚಪ್ಪರ, ಛತ್ರ, ದೇವಸ್ಥಾನ, ರೆಸಾರ್ಟ್: ನಾಲ್ಕು ಮದುವೆಗಳ ಎಲೆ ಲೆಕ್ಕ

ಹೋದ ತಿಂಗಳು ಚಿಕ್ಕಪ್ಪ ಮನೆಗೆ ಬಂದವರು ಕಾಫಿ ಲೋಟ ಕೈಗೆ ತಗೊಳ್ಳೋ ಮೊದಲೇ ಮಾತು ತೆಗೆದರು. "ನೋಡವ್ವ, ನೀನು ನಾಲ್ಕು ಮದುವೆ ಕಂಡೋಳು. ನಮ್ಮ ಹುಡುಗೀದು ಎಲ್ಲಿ ಮಾಡೋದು, ನೀನೇ ಹೇಳು." ಒಡವೆ, ಬಟ್ಟೆ ಎಲ್ಲ ಕಳೆದು ಜಾಗಕ್ಕೂ ಊಟಕ್ಕೂ ಅಂತ ಅವರು ಎತ್ತಿಟ್ಟಿರುವುದು ಮೂರು ಲಕ್ಷ. ಕರೆಯಬೇಕಾದವರು ನಾನೂರು ಜನ. ಒಂದು ರೂಪಾಯಿ ಸಾಲ ಮಾಡಲ್ಲ ಅಂತ ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದಾರೆ. ಆ ಮಾತು ಉಳಿಯಬೇಕು ಅನ್ನುವ ಆಸೆ ನನಗೂ ಇದೆ. ಅದಕ್ಕೇ ನಮ್ಮ ಮನೆಯ ನಾಲ್ಕೂ ಮದುವೆಗಳ ಲೆಕ್ಕ ಹುಡುಕಿ ತೆಗೆದು ಪಕ್ಕಪಕ್ಕ ಇಟ್ಟು ನೋಡಿದೆ.

ಒಂದೊಂದು ಮದುವೆ ಒಂದೊಂದು ವರ್ಷದ್ದು, ಆಗಿನ ದುಡ್ಡಿಗೂ ಈಗಿನ ದುಡ್ಡಿಗೂ ಅಜಗಜಾಂತರ. ಆದರೂ ನಮ್ಮ ಕಡೆ ಅಡುಗೆಯವರು ಎಲ್ಲವನ್ನೂ ಎಲೆ ಲೆಕ್ಕದಲ್ಲೇ ಹೇಳುತ್ತಾರಲ್ಲ, ಎಷ್ಟು ಎಲೆ, ಎಲೆಗೆ ಎಷ್ಟು ಅಂತ. ಜಾಗದ ಬಾಡಿಗೆಯನ್ನೂ ನಾನು ಹಾಗೇ ಭಾಗಿಸಿದೆ. ಜಾಗಕ್ಕೆ ಕೊಟ್ಟ ಒಟ್ಟು ದುಡ್ಡನ್ನು ಬಿದ್ದ ಎಲೆಗಳಿಂದ ಭಾಗಿಸಿದರೆ ಯಾವುದು ಅಗ್ಗ, ಯಾವುದು ದುಬಾರಿ ಅನ್ನುವುದು ಬೇರೆಯದೇ ಥರ ಕಾಣುತ್ತದೆ.

ಮೊದಲನೆಯದು ನನ್ನದೇ ಮದುವೆ. 2012ರ ಮೇ ತಿಂಗಳು, ಹುಣಸೂರು ತಾಲ್ಲೂಕಿನ ನಮ್ಮೂರಲ್ಲಿ, ಮನೆ ಮುಂದೆ ಚಪ್ಪರ. ಅಪ್ಪನ ನೀಲಿ ರಟ್ಟಿನ ಲೆಕ್ಕದ ಪುಸ್ತಕ ಈಗ ನನ್ನ ಹತ್ತಿರವೇ ಇದೆ. ಶಾಮಿಯಾನ, ಕುರ್ಚಿ, ಟೇಬಲ್ಲು, ಪಾತ್ರೆ, ಲೈಟು, ಜನರೇಟರ್ ಎಲ್ಲ ಸೇರಿ 38,400 ರೂಪಾಯಿ, 640 ಎಲೆ. ಎಲೆಗೆ 60 ರೂಪಾಯಿ. ಪುಸ್ತಕದಲ್ಲಿ ಬರೆಯದೇ ಇರುವುದು ಬಹಳ ಇದೆ. ಹಾಲುಗಂಬ ನೆಟ್ಟವರು, ಹೊಂಗೆ ಸೊಪ್ಪು ಗಾಡಿ ತುಂಬ ತಂದವರು, ರಾತ್ರಿಯೆಲ್ಲ ಕೂತು ತರಕಾರಿ ಹೆಚ್ಚಿದ ಹೆಂಗಸರು ಯಾರೂ ಕೂಲಿ ತಗೊಂಡಿಲ್ಲ. ಗಂಡಿನ ಕಡೆಯವರು ಮಲಗಿದ್ದು ಅಕ್ಕಪಕ್ಕದ ಐದು ಮನೆಗಳಲ್ಲಿ. ಹಿಂದಿನ ದಿನ ರಾತ್ರಿ ಎಂಟು ಗಂಟೆಗೆ ಗಾಳಿ ಸಮೇತ ಮಳೆ ಹೊಡೆಯಿತು. ಶಾಮಿಯಾನದಲ್ಲಿ ನೀರು ನಿಂತು ಜೋತು ಬಿತ್ತು, ಹುಡುಗರು ಬೊಂಬಿನಿಂದ ಎತ್ತಿ ಎತ್ತಿ ನೀರು ಚೆಲ್ಲಿದರು. ಸೌದೆ ನೆನೆದುಹೋಗಿ ಭಟ್ಟರು ಒಲೆಯನ್ನು ಕೊಟ್ಟಿಗೆಗೆ ಸಾಗಿಸಿದರು. ಬೆಳಿಗ್ಗೆ ಉಪ್ಪಿಟ್ಟು ಬಂದದ್ದು ಒಂಬತ್ತೂವರೆಗೆ, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಮನೆ ಮುಂದಿನ ಮದುವೆಯಂಥದು ಇನ್ನೊಂದಿಲ್ಲ ಅಂತ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಆವತ್ತು ಸೊಪ್ಪು ತಂದ ಹುಡುಗರಲ್ಲಿ ಅರ್ಧ ಜನ ಈಗ ಬೆಂಗಳೂರಲ್ಲಿದ್ದಾರೆ. ಅದೇ ಕೆಲಸಕ್ಕೆಲ್ಲ ಕೂಲಿ ಕೊಟ್ಟು ಮಾಡಿಸಿದರೆ ಚಪ್ಪರ ಅಗ್ಗ ಅನ್ನುವ ಮಾತೇ ನಿಲ್ಲುವುದಿಲ್ಲ. ಶೌಚಾಲಯದ ವಿಷಯವನ್ನೂ ಮುಚ್ಚಿಡದೆ ಹೇಳಬೇಕು. ಆರುನೂರು ಜನಕ್ಕೆ ಎರಡೇ ಎರಡು, ರೇಷ್ಮೆ ಸೀರೆ ಉಟ್ಟ ಹೆಂಗಸರು ಪಟ್ಟ ಪಾಡು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಎರಡನೆಯದು ತಮ್ಮನ ಮದುವೆ, 2018ರ ಏಪ್ರಿಲ್ ಕೊನೆ. ಆ ವರ್ಷ ಮೇ ಮಧ್ಯದಿಂದ ಅಧಿಕ ಜ್ಯೇಷ್ಠ ಬಂದಿತ್ತು, ಹಾಗಾಗಿ ಎಲ್ಲರಿಗೂ ಅಷ್ಟರೊಳಗೆ ಮುಗಿಸಬೇಕು. ಮೈಸೂರಿನ ದೊಡ್ಡ ಕಲ್ಯಾಣ ಮಂಟಪಗಳೆಲ್ಲ ಆರು ತಿಂಗಳ ಮೊದಲೇ ಬುಕ್ ಆಗಿದ್ದವು. ಸಿಕ್ಕಿದ್ದಕ್ಕೆ ಖುಷಿಪಟ್ಟು, ಸಾವಿರ ಕುರ್ಚಿಯ ಮಂಟಪ ಅಂತ ಅಡ್ವಾನ್ಸ್ ಕೊಟ್ಟೆವು. ಬಾಡಿಗೆ 1,35,000, ಹಿಂದಿನ ದಿನ ಮಧ್ಯಾಹ್ನ ಮೂರರಿಂದ ಮಾರನೆಯ ದಿನ ಮೂರರವರೆಗೆ. ಬೀಗರು ನಾವು ಅರ್ಧರ್ಧ ಅಂತ ಮೊದಲೇ ಮಾತಾಗಿತ್ತು.

ಕೊನೆಯಲ್ಲಿ ಬಂದ ಬಿಲ್ಲು ಹೀಗಿತ್ತು. ಬಾಡಿಗೆಯ ಮೇಲೆ ಶೇಕಡಾ 18 ಜಿಎಸ್‌ಟಿ, ಅಂದರೆ 24,300. ಕ್ಲೀನಿಂಗ್ 12,000. ಕರೆಂಟು ಮೀಟರ್ ಪ್ರಕಾರ 15,500. ಜನರೇಟರ್ ಗಂಟೆಗೆ 1,800ರಂತೆ ಆರು ಗಂಟೆ, 10,800. ಹೆಚ್ಚಿಗೆ ತಗೊಂಡ ನಾಲ್ಕು ರೂಮು 6,000. ಎಲ್ಲ ಕೂಡಿಸಿದರೆ 2,03,600. ರಾತ್ರಿ ಆರತಕ್ಷತೆಗೆ 850 ಎಲೆ, ಮಾರನೆಯ ದಿನ ಮುಹೂರ್ತದ ಊಟಕ್ಕೆ 520. ಜಾಗಕ್ಕೇ ಎಲೆಗೆ 149 ರೂಪಾಯಿ ಹತ್ತಿರ ಬಿತ್ತು. ಬಾಡಿಗೆ ಎಷ್ಟು ಅಂತ ಕೇಳಬೇಡಿ, ಬೀಗದ ಕೈ ವಾಪಸ್ ಕೊಡುವಾಗ ಒಟ್ಟು ಎಷ್ಟು ಆಗಿರುತ್ತದೆ ಅಂತ ಕೇಳಿ. ಹಿಂದಿನ ವಾರ ಅಲ್ಲೇ ಮದುವೆ ಮಾಡಿದವರ ಬಿಲ್ಲು ತೋರಿಸಿ ಅಂದರೆ ಒಳ್ಳೆಯ ಮ್ಯಾನೇಜರ್ ತೋರಿಸುತ್ತಾರೆ.

ದುಡ್ಡಿಗಿಂತ ನನ್ನನ್ನು ಇವತ್ತಿಗೂ ಕೊರೆಯುವುದು ಆವತ್ತಿನ ಊಟದ ಹಾಲ್. ಮೇಲೆ ಸಾವಿರ ಕುರ್ಚಿ ಇತ್ತು ನಿಜ, ಕೆಳಗೆ ಊಟಕ್ಕೆ ಒಂದು ಪಂಕ್ತಿಗೆ 240 ಎಲೆ. ಬಡಿಸಿ, ಉಂಡು, ಎಲೆ ತೆಗೆದು, ಟೇಬಲ್ ಒರೆಸಿ ಮತ್ತೆ ಹಾಕಲು ಮುಕ್ಕಾಲು ಗಂಟೆ ಬೇಕೇ ಬೇಕು. 850 ಜನಕ್ಕೆ ನಾಲ್ಕು ಪಂಕ್ತಿ, ಮೂರು ಗಂಟೆ. ಎಂಟು ಗಂಟೆಗೆ ಎಲ್ಲರೂ ಒಟ್ಟಿಗೆ ಇಳಿದು ಬಂದರು. ಎಪ್ಪತ್ತು ದಾಟಿದ ನಮ್ಮ ಸೋದರತ್ತೆ ಯಾರದೋ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದನ್ನು ನಾನು ದೂರದಿಂದ ನೋಡಿದೆ. ಕೂತಿದ್ದ ಹುಡುಗ ಒಂದು ಸಲ ಹಿಂತಿರುಗಿ ನೋಡಿದವನು ಮೊಸರನ್ನ ಬಡಿಸುವ ಮೊದಲೇ ಎಲೆ ಮಡಚಿ ಎದ್ದುಬಿಟ್ಟ. ಉಣ್ಣುತ್ತಿದ್ದವನಿಗೂ ತೃಪ್ತಿ ಇಲ್ಲ, ಕಾದು ನಿಂತವರಿಗೂ ಗೌರವ ಇಲ್ಲ. ಕರೆದು ಕೂರಿಸಿ ಉಣ್ಣಿಸಲಾರದ ಮೇಲೆ ಅಷ್ಟು ಜನರನ್ನು ಕರೆದದ್ದು ಏತಕ್ಕೆ ಅಂತ ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲಿಂದ ಯಾವ ಮಂಟಪಕ್ಕೆ ಹೋದರೂ ನಾನು ಮೊದಲು ಇಳಿಯುವುದು ಊಟದ ಹಾಲ್‌ಗೆ. ಅಲ್ಲಿ ಒಂದು ಪಂಕ್ತಿಗೆ ಎಷ್ಟು ಎಲೆ ಅಂತ ಎಣಿಸಿ, ಮೂರು ಪಂಕ್ತಿಯ ಲೆಕ್ಕಕ್ಕೆ ಮೂರರಿಂದ ಗುಣಿಸುತ್ತೇನೆ. ಆ ಮಂಟಪದ ನಿಜವಾದ ಅಳತೆ ಅದೇ. ಬಫೆ ಇಟ್ಟರೆ ಬೇಗ ಮುಗಿಯುತ್ತದೆ ಅನ್ನುವವರಿದ್ದಾರೆ. ಮುಗಿಯುತ್ತದೆ, ಆದರೆ ಸೋದರತ್ತೆಯಂಥವರು ತಟ್ಟೆ ಹಿಡಿದು ಎಲ್ಲಿ ನಿಲ್ಲಬೇಕು?

ಮೂರನೆಯದು ತಂಗಿಯದು, 2023ರ ಫೆಬ್ರವರಿಯಲ್ಲಿ, ಮೈಸೂರಿಂದ ಒಂದು ಗಂಟೆ ದಾರಿಯ ದೇವಸ್ಥಾನದಲ್ಲಿ. ದೊಡ್ಡ ಮದುವೆ ಬೇಡ, ಆ ದುಡ್ಡಲ್ಲಿ ಮನೆಗೆ ಮುಂಗಡ ಕಟ್ಟುತ್ತೇವೆ ಅಂತ ಹುಡುಗ ಹುಡುಗಿ ಇಬ್ಬರೂ ಪಟ್ಟು ಹಿಡಿದಿದ್ದರು. ದೇವಸ್ಥಾನದ ಶುಲ್ಕ 3,500, ಆವರಣದೊಳಗಿನ ಟ್ರಸ್ಟಿನ ಸಣ್ಣ ಛತ್ರಕ್ಕೆ 9,000. ಇಲ್ಲಿ ಒಂದು ಉಪಯೋಗದ ವಿಷಯ: ನೋಂದಾಯಿತ ಧಾರ್ಮಿಕ ಟ್ರಸ್ಟ್ ತನ್ನ ದೇವಸ್ಥಾನದ ಆವರಣದ ಕಲ್ಯಾಣ ಮಂಟಪವನ್ನು ದಿನಕ್ಕೆ 10,000ಕ್ಕಿಂತ ಕಡಿಮೆಗೆ ಕೊಟ್ಟರೆ ಅದಕ್ಕೆ ಜಿಎಸ್‌ಟಿ ಇಲ್ಲ. 140 ಎಲೆ ಬಿತ್ತು, ಜಾಗಕ್ಕೆ ಎಲೆಗೆ 89 ರೂಪಾಯಿ. ಊಟ ಎಲೆಗೆ 240. ಎಲ್ಲ ಸೇರಿ 46,100ಕ್ಕೆ ನನ್ನ ತಂಗಿಯ ಮದುವೆ ಆಯಿತು. ಹುಡುಗನಿಗೆ 21, ಹುಡುಗಿಗೆ 18 ತುಂಬಿದೆ ಅನ್ನುವ ದಾಖಲೆ ಮೊದಲೇ ಕೇಳುತ್ತಾರೆ. ಆಧಾರ್ ಜತೆಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನೂ ಇಟ್ಟುಕೊಂಡು ಹೋಗಿದ್ದು ಒಳ್ಳೆಯದಾಯಿತು.

ಕಷ್ಟ ಏನೆಂದರೆ ಒಳ್ಳೆಯ ಮುಹೂರ್ತ ನಮಗೊಬ್ಬರಿಗೇ ಒಳ್ಳೆಯದಲ್ಲ. ಆವತ್ತು ಅದೇ ಪ್ರಾಕಾರದಲ್ಲಿ ನಾಲ್ಕು ಮದುವೆ. ನಮ್ಮ ಧಾರೆಗೆ ಸಿಕ್ಕಿದ್ದು ಇಪ್ಪತ್ತು ನಿಮಿಷ. ಪಕ್ಕದವರ ವಾಲಗ, ನಮ್ಮ ವಾಲಗ ಸೇರಿಹೋಗಿ ಗಟ್ಟಿಮೇಳ ಯಾರದು ಅಂತ ತಿಳಿಯದೆ ನಮ್ಮ ಕಡೆಯ ಕೆಲವರು ಅವರ ಮದುಮಕ್ಕಳಿಗೆ ಅಕ್ಷತೆ ಹಾಕಿದರು. ನೂರು ಜನರನ್ನು ಕರೆದು ನೂರಿಪ್ಪತ್ತಕ್ಕೆ ಅಡುಗೆ ಹೇಳಿದ್ದೆವು. ಬಂದವರು ನೂರನಲವತ್ತು. ಭಟ್ಟರು ಮತ್ತೆ ಅನ್ನಕ್ಕಿಟ್ಟು ಸಾರು ಬೆಳೆಸಿ ಮಾನ ಉಳಿಸಿದರು. ನೂರೈವತ್ತು ದಾಟುವ ಮದುವೆಗೆ ದೇವಸ್ಥಾನ ಹೊಂದುವುದಿಲ್ಲ. ಅದರೊಳಗಿದ್ದರೆ ಅದನ್ನು ಮೀರಿಸುವ ಜಾಗ ಇನ್ನೊಂದಿಲ್ಲ.

ನಾಲ್ಕನೆಯದು ನಾದಿನಿಯ ಮಗಳದು, 2024ರ ನವೆಂಬರ್, ಊರಾಚೆಯ ರೆಸಾರ್ಟ್. ಆ ವರ್ಷ ಮೇ, ಜೂನ್‌ನಲ್ಲಿ ಗುರು ಶುಕ್ರರಿಬ್ಬರೂ ಅಸ್ತವಾಗಿ ಮುಹೂರ್ತವೇ ಇರಲಿಲ್ಲ. ಮಾಡಬೇಕಾದ ಮದುವೆಗಳೆಲ್ಲ ಕಾರ್ತಿಕಕ್ಕೆ ಬಂದು ನಿಂತವು, ಧನುರ್ಮಾಸ ಶುರುವಾಗುವುದರೊಳಗೆ ಮುಗಿಯಬೇಕು. ಮಂಟಪ ಸಿಗಲಿಲ್ಲ. ರೆಸಾರ್ಟಿನವರು ಜಾಗ ಉಚಿತ, ಎಲೆಗೆ 1,450 ಅಂದರು, ಕಡಿಮೆಯೆಂದರೂ 250 ಎಲೆಯ ಗ್ಯಾರಂಟಿ. ಉಂಡವರು 205 ಜನ. ಬೀಳದೇ ಹೋದ 45 ಎಲೆಗೆ ನಾದಿನಿ ಕೊಟ್ಟದ್ದು 65,250 ರೂಪಾಯಿ. ತಂಗಿಯ ಇಡೀ ಮದುವೆಗಿಂತ ಹೆಚ್ಚು.

ಇನ್ನೊಂದು, ಯಾರಿಗೂ ಹೊಳೆಯದ ವಿಷಯ. ಏಸಿ ಹಾಲ್‌ನಲ್ಲಿ ಹೋಮಕ್ಕೆ ಬೆಂಕಿ ಹಾಕುವಂತಿಲ್ಲ, ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆ. ಇದು ಗೊತ್ತಾಗಿದ್ದು ಹಿಂದಿನ ದಿನ ಸಂಜೆ, ಪುರೋಹಿತರು ಇಟ್ಟಿಗೆ ಜೋಡಿಸಲು ಹೊರಟಾಗ. ಕೊನೆಗೆ ಲಾಜಾಹೋಮ ಹೊರಗೆ ಹುಲ್ಲಿನ ಮೇಲೆ ಆಯಿತು. ಧಾರೆ ಒಂದು ಕಡೆ, ಹೋಮ ಒಂದು ಕಡೆ. ಹೂವಿನ ಅಲಂಕಾರ ರೆಸಾರ್ಟಿನ ಕಡೆಯವರೇ ಮಾಡಬೇಕು. ದೇವರಾಜ ಮಾರುಕಟ್ಟೆಯಿಂದ ಬೆಳಗಿನ ಜಾವ ನಾವೇ ಹೂವು ತಂದು ಕಟ್ಟಿಸಿದ್ದರೆ ಕಾಲುಭಾಗವೂ ಆಗುತ್ತಿರಲಿಲ್ಲ. ದೂರ ಅಂತ ವಯಸ್ಸಾದವರು ಬರಲೇ ಇಲ್ಲ, ಬಸ್ಸು ಮಾಡಿಸಿದ್ದರೂ.

ಇದರ ಒಳ್ಳೆಯದನ್ನೂ ಹೇಳಬೇಕು. ಹೆಣ್ಣಿನ ತಂದೆ ಮುಹೂರ್ತ ಪೂರ್ತಿ ಮಗಳ ಪಕ್ಕದಲ್ಲೇ ಕೂತಿದ್ದರು. ನಮ್ಮ ಬೇರೆ ಯಾವ ಮದುವೆಯಲ್ಲೂ ನಾನು ಅದನ್ನು ಕಂಡಿಲ್ಲ. ನನ್ನ ಮದುವೆಯಲ್ಲಿ ಧಾರೆ ಎರೆದ ಕೈಯಲ್ಲೇ ಅಪ್ಪ ಗ್ಯಾಸ್ ಸಿಲಿಂಡರಿಗೆ ಓಡಿದ್ದರು. ಕೆಲಸಕ್ಕೆ ಮನೆಯಲ್ಲಿ ಜನ ಇಲ್ಲ, ದುಡ್ಡಿದೆ, ಬರುವವರು ಎಣಿಸಿದಷ್ಟೇ ಅಂದರೆ ರೆಸಾರ್ಟ್ ಮಾಡಿ. ಗ್ಯಾರಂಟಿ ಎಲೆ ಮಾತ್ರ ಬರುತ್ತಾರೆ ಅಂದುಕೊಂಡದ್ದಕ್ಕಿಂತ ಐವತ್ತು ಕಡಿಮೆಗೆ ಮಾತಾಡಿ. ರಾತ್ರಿ ಹತ್ತರ ಮೇಲೆ ತೆರೆದ ಜಾಗದಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ಅದು ರೆಸಾರ್ಟಿಗೂ ಒಂದೇ, ಚಪ್ಪರಕ್ಕೂ ಒಂದೇ.

ಮೂರು ಲಕ್ಷವೂ ಕೈಲಿಲ್ಲದವರಿಗೆ ದಾರಿ ಇಲ್ಲ ಅಂತ ಯಾರೂ ತಿಳಿಯಬಾರದು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹ ನಡೆಯುತ್ತಿದೆ, ಮುಜರಾಯಿ ದೇವಸ್ಥಾನಗಳಲ್ಲೂ ಸಪ್ತಪದಿ ಅನ್ನುವ ಹೆಸರಲ್ಲಿ ಸಾಮೂಹಿಕ ವಿವಾಹದ ಯೋಜನೆ ಶುರುವಾಗಿತ್ತು. ಕುವೆಂಪು 1966ರಲ್ಲಿ ತಮ್ಮ ಮಗನಿಗೇ ಮಾಡಿಸಿದ ಮಂತ್ರ ಮಾಂಗಲ್ಯ ಅನ್ನುವ ಸರಳ ಮದುವೆಗೆ ಮಂಟಪವೇ ಬೇಡ. ಒಂದು ದಿನದ ಊಟಕ್ಕಾಗಿ ಜಮೀನು ಅಡವಿಟ್ಟವರನ್ನು ನಮ್ಮೂರಲ್ಲೇ ಕಂಡಿದ್ದೇನೆ, ಹಾಗಾಗಿ ಇದನ್ನು ಬರೆಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಚಿಕ್ಕಪ್ಪನಿಗೆ ನಾನು ಮೊದಲು ಮಾಡಿಸಿದ್ದು ಪಟ್ಟಿ. ಒಂದು ಹಾಳೆಯಲ್ಲಿ ಎರಡು ಸಾಲು: ಹಿಂದಿನ ರಾತ್ರಿಯೂ ಇರುವವರು, ಮುಹೂರ್ತಕ್ಕೆ ಮಾತ್ರ ಬರುವವರು. ರಾತ್ರಿಗೆ 120, ಮುಹೂರ್ತಕ್ಕೆ ಅವರೂ ಸೇರಿ 400, ಕೈಮೀರಿದರೆ 420. ಆರತಕ್ಷತೆಯನ್ನು ಹಿಂದಿನ ರಾತ್ರಿ ಬೇರೆಯಾಗಿ ಇಡುವುದು ಬೇಡ, ಧಾರೆ ಮುಗಿದ ಮೇಲೆ ಅದೇ ಬೆಳಿಗ್ಗೆ ನಿಲ್ಲಿಸೋಣ ಅಂದೆ. ಹಾಗೆ ಮಾಡಿದರೆ ಒಬ್ಬರೇ ಎರಡು ಸಲ ಉಣ್ಣುವ ಎಲೆ ಉಳಿಯುತ್ತದೆ, ದೂರದವರು ಸಂಜೆಯೊಳಗೆ ಮನೆ ಸೇರುತ್ತಾರೆ. ಚಿಕ್ಕಮ್ಮನಿಗೆ ರಾತ್ರಿಯ ಲೈಟು, ವೇದಿಕೆ ಇಲ್ಲವಲ್ಲ ಅಂತ ಸ್ವಲ್ಪ ಬೇಸರವಿತ್ತು. ಮಗಳೇ ಸಮಾಧಾನ ಮಾಡಿದಳು.

ಕೊನೆಗೆ ಆಯ್ದುಕೊಂಡದ್ದು ನಾಲ್ಕರಲ್ಲಿ ಯಾವುದನ್ನೂ ಅಲ್ಲ, ತಾಲ್ಲೂಕು ಕೇಂದ್ರದ ಒಂದು ಸಮುದಾಯ ಭವನ. ತೆರಿಗೆ, ಕ್ಲೀನಿಂಗ್, ಕರೆಂಟು ಎಲ್ಲ ಸೇರಿ 48,000 ಅಂತ ಬರೆಸಿಕೊಂಡೆವು. ರಾತ್ರಿ 120 ಎಲೆ 220ರಂತೆ, ಬೆಳಿಗ್ಗೆ ತಿಂಡಿ 120 ಜನಕ್ಕೆ 100ರಂತೆ, ಮುಹೂರ್ತದ ಊಟ 420 ಎಲೆ 350ರಂತೆ. ಒಟ್ಟು 2,33,400. ಎರಡು ಹೊತ್ತಿನ ಎಲೆಗೆ ಭಾಗಿಸಿದರೆ ಜಾಗಕ್ಕೆ 89 ರೂಪಾಯಿ, ತಂಗಿಯ ದೇವಸ್ಥಾನದ ಲೆಕ್ಕವೇ. ಉಳಿದ 66,600 ವಾಲಗ, ಹೂವು, ಬಸ್ಸಿಗೆ. ಮೇಲಿನ ಹಾಲ್‌ಗೆ ಸುಣ್ಣ ಬಣ್ಣ ಆಗಿ ಬಹಳ ವರ್ಷವಾಗಿದೆ, ಫೋಟೋದಲ್ಲಿ ಚೆನ್ನಾಗಿ ಬರಲಿ ಅಂತ ಹಸೆಯ ಹಿಂದೆ ಒಂದು ಬಿಳಿ ಪರದೆ ಕಟ್ಟಿಸಬೇಕು.

ಭವನ ನೋಡಲು ಹೋದಾಗ ಚಿಕ್ಕಪ್ಪ ಮೆಟ್ಟಿಲು ಹತ್ತಿ ಮೇಲಿನ ಹಾಲ್ ನೋಡಲು ಹೊರಟಿದ್ದರು. ಕರೆದು ಕೆಳಗೆ ಊಟದ ಮನೆಗೆ ಕರೆದುಕೊಂಡು ಹೋದೆ. ಅವರು ಸಾಲುಸಾಲು ಕುರ್ಚಿಗಳ ಬೆನ್ನು ಮುಟ್ಟುತ್ತಾ ಗಟ್ಟಿಯಾಗಿ ಎಣಿಸಿದರು. ನೂರೈವತ್ತು. ಕೈ ತೊಳೆಯುವ ನಲ್ಲಿಗಳನ್ನು ಒಂದೊಂದಾಗಿ ತಿರುಗಿಸಿದರು, ಎಂಟರಲ್ಲಿ ಎರಡರಲ್ಲಿ ನೀರಿರಲಿಲ್ಲ. ಅವನ್ನು ಸರಿಮಾಡಿಸಿ ಕೊಡುತ್ತೇವೆ ಅಂತ ರಸೀತಿಯ ಹಿಂಬದಿಯಲ್ಲಿ ಬರೆಸಿ, ಸಹಿ ಹಾಕಿಸಿಕೊಂಡ ಮೇಲೆ ಹತ್ತು ಸಾವಿರ ಅಡ್ವಾನ್ಸ್ ಎಣಿಸಿ ಕೊಟ್ಟರು.