ಉದ್ಯಮಬಾಗದ ಫೌಂಡ್ರಿಗಳಿಗೆ ಹಳೇ ಉಸುಕಿನ ಮರುಬಳಕೆ ಸೇವೆ: ಯಾರಿಗೆ ಬೇಕು, ಯಾರಿಗೆ ಬೇಡ

ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಿಂದ, ಅಂದರೆ ಲೋಹ ಕರಗಿಸಿ ಎರಕ ಹೊಯ್ಯುವ ಕಾರ್ಖಾನೆಗಳಿಂದ, ಅಚ್ಚಿಗೆ ಬಳಸಿದ ಉಸುಕು ಒಯ್ದು, ಸುಟ್ಟು ಸ್ವಚ್ಛ ಮಾಡಿ ವಾಪಸ್ ಕೊಡುವ ಹೊಸ ಘಟಕವೊಂದು ಬೆಳಗಾವಿಯಲ್ಲಿ ಕೆಲಸ ಶುರು ಮಾಡಿದೆ. ಫ್ಯೂರಾನ್ ನೋ-ಬೇಕ್ ಮೋಲ್ಡಿಂಗ್ (ಉಸುಕಿಗೆ ಫ್ಯೂರಾನ್ ರೆಸಿನ್ ಎಂಬ ಅಂಟು, ಆಸಿಡ್ ಬೆರೆಸಿ, ಕಾಯಿಸದೇ ಅಚ್ಚು ಗಟ್ಟಿ ಮಾಡುವ ವಿಧಾನ) ಮಾಡುವವರು ಧೈರ್ಯವಾಗಿ ಸೇರಬಹುದು. ಸೋಡಿಯಂ ಸಿಲಿಕೇಟ್ ಅಂಟು ಹಾಕಿ, ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಟ್ಟು ಅಚ್ಚು ಗಟ್ಟಿ ಮಾಡುವವರಿಗೆ ಇದು ಬೇಡ.

ಫ್ಯೂರಾನ್ ರೆಸಿನ್ 650ರಿಂದ 750 ಡಿಗ್ರಿ ಸೆಲ್ಸಿಯಸ್‌ನಲ್ಲಿ ಉರಿದುಹೋಗಿ ಕಾಳು ಬೋಳಾಗಿ ಉಳಿಯುತ್ತದೆ. ಸಿಲಿಕೇಟ್ ಉರಿಯುವುದಿಲ್ಲ. ಅದರ ಸೋಡಿಯಂ ಕಾಳಿಗೆ ಅಂಟಿಕೊಂಡೇ ಇರುತ್ತದೆ, ಬಿಸಿಗೆ ಉಸುಕು ಗಂಟು ಕಟ್ಟುತ್ತದೆ. ಅಂಥದ್ದು ಬೆರೆತರೆ ಇಡೀ ಲಾಟ್ ಕೆಡುತ್ತದೆ. ಇಂಥ ಸ್ಟಾರ್ಟಪ್‌ಗಳು ಮುಗ್ಗರಿಸುವುದು ಇಲ್ಲೇ: ಟನ್ ಲೆಕ್ಕ ತೋರಿಸುವ ಆತುರಕ್ಕೆ ಸಿಕ್ಕಿದ್ದನ್ನೆಲ್ಲ ಲಾರಿಗೆ ಹೇರಿಸುತ್ತವೆ. ಈ ಘಟಕದವರು ಒಂದೇ ಬೈಂಡರ್ (ಉಸುಕು ಹಿಡಿದಿಡುವ ಅಂಟು) ಬಳಸುವ, ಅಕ್ಕಪಕ್ಕದ ನಾಲ್ಕೈದು ಫೌಂಡ್ರಿಗಳನ್ನಷ್ಟೇ ಮೊದಲು ಜತೆ ಮಾಡಿಕೊಂಡಿದ್ದಾರೆ. ಉಸುಕು ತಂದಿಳಿಸಿದ ಲಾರಿಯೇ ಹಳೇದನ್ನು ಹೇರಿಕೊಂಡು ಹೋಗುತ್ತದೆ, ಖಾಲಿ ಓಡಾಟವಿಲ್ಲ. ಉಸುಕಿನಂಥ ಅಗ್ಗದ ಮಾಲಿನಲ್ಲಿ ಲಾಭವನ್ನೆಲ್ಲ ನುಂಗುವುದು ಬಾಡಿಗೆಯೇ.

ಕರಾರು ಮೆಚ್ಚುವಂತಿದೆ. ಮೊದಲು 5 ಟನ್ ಟ್ರಯಲ್. ಹೊಸ ಉಸುಕಿನ ಜತೆ ಅರ್ಧಕ್ಕರ್ಧ ಬೆರೆಸಿ, ಕೌಂಟರ್‌ವೇಟ್‌ನಂಥ ಸಾದಾ ಎರಕದಿಂದ ಆರಂಭಿಸಲು ಹೇಳುತ್ತಾರೆ. ಪ್ರತಿ ಲಾಟ್ ಜತೆ ಎಎಫ್‌ಎಸ್ ನಂಬರ್ (ಕಾಳು ಎಷ್ಟು ಸಣ್ಣದೆಂಬ ಅಳತೆ), ಲಾಸ್ ಆನ್ ಇಗ್ನಿಷನ್ (ಕಾಯಿಸಿದಾಗ ಉರಿದುಹೋಗುವ ತೂಕ), ಆಸಿಡ್ ಡಿಮಾಂಡ್ (ಉಸುಕು ಎಷ್ಟು ಆಸಿಡ್ ತಿನ್ನುತ್ತದೆಂಬ ಅಳತೆ), ಧೂಳಿನ ಪ್ರಮಾಣದ ರಿಪೋರ್ಟ್ ಬರುತ್ತದೆ. ಲಾಸ್ ಆನ್ ಇಗ್ನಿಷನ್ ಶೇ. 0.3 ದಾಟಿದರೆ ಲಾಟ್ ವಾಪಸ್, ಬಾಡಿಗೆ ಅವರದೇ. ದರವನ್ನು, ಹೊಸ ಉಸುಕು ಫೌಂಡ್ರಿ ಬಾಗಿಲಿಗೆ ಬಂದು ಬೀಳುವ ದರದ ಇಂತಿಷ್ಟು ಪಾಲೆಂದು ಗೊತ್ತು ಮಾಡಿದ್ದಾರೆ. ಹೀಗಾಗಿ ತಿಂಗಳಿಗೊಮ್ಮೆ ಚೌಕಾಸಿಗೆ ಕೂರುವ ಪ್ರಮೇಯವಿಲ್ಲ.

ಮಾಲು ಚೆನ್ನಾಗಿದೆ. ಬೊಗಸೆಯಲ್ಲಿ ಹಿಡಿದು ತಿಕ್ಕಿದರೆ ತಿಳಿಗಂದು ಕಾಳು ಸರಾಗವಾಗಿ ಜಾರುತ್ತದೆ, ಬೆರಳಿಗೆ ಕರಿ ಹತ್ತುವುದಿಲ್ಲ. ಹತ್ತಿದರೆ ರೆಸಿನ್ ಪೂರ್ತಿ ಸುಟ್ಟಿಲ್ಲವೆಂದೇ ಅರ್ಥ. ಒಮ್ಮೆ ಚೆನ್ನಾಗಿ ಕಾದ ಉಸುಕು ಲೋಹ ಹೊಯ್ದಾಗ ಕಡಿಮೆ ಹಿಗ್ಗುವುದರಿಂದ ವೇನಿಂಗ್ ದೋಷವೂ (ಅಚ್ಚು ಬಿರಿದು ಎರಕದ ಮೈಮೇಲೆ ನರದಂಥ ಗೆರೆ ಏಳುವುದು) ಇಳಿಯುತ್ತದೆ.

ಕೊರತೆ, ಸುಟ್ಟ ಉಸುಕು ತಣಿಸುವ ಕೂಲರ್‌ನಲ್ಲಿದೆ. ಬೇಸಿಗೆಯಲ್ಲಿ ಉಸುಕು 40 ಡಿಗ್ರಿಗಿಂತ ಬಿಸಿಯಾಗಿಯೇ ಬಂದಿಳಿಯುತ್ತದೆ. ಅದಕ್ಕೆ ಆಸಿಡ್, ರೆಸಿನ್ ಬೆರೆಸಿದರೆ ಅಚ್ಚಿನ ಬಾಕ್ಸ್ ತುಂಬುವ ಮೊದಲೇ ಬಿಗಿಯತೊಡಗಿ, ಮೋಲ್ಡಿನ ಮೈ ಉದುರುತ್ತದೆ. ಒಂದು ರಾತ್ರಿ ಹರವಿ ಆರಿಸಿ, ಥರ್ಮಾಮೀಟರ್ ಹಚ್ಚಿ ನೋಡಿಯೇ ಮಿಕ್ಸರ್‌ಗೆ ಹಾಕಬೇಕು.

ಇನ್ನೊಂದು ತಕರಾರು ಮಳೆಗಾಲದ್ದು. ನೆನೆದ ಉಸುಕಿಗೆ ಒಣಗಿಸುವ ಖರ್ಚೆಂದು ಹೆಚ್ಚು ಹಣ ಹಾಕುತ್ತಾರೆ, ಆದರೆ ಎಷ್ಟು ತೇವಕ್ಕೆ ಎಷ್ಟು ಎಂಬುದು ಕರಾರಿನಲ್ಲಿಲ್ಲ. ಬೆಳಗಾವಿ ಮಳೆಗೆ ಇದು ಸಣ್ಣ ಮಾತಲ್ಲ. ಸಹಿಗೆ ಮುಂಚೆ ಬರೆಯಿಸಿಕೊಳ್ಳಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರದ ಪ್ರತಿಯನ್ನೂ, ಸೋಸಿದ ಧೂಳು ಎಲ್ಲಿಗೆ ಹೋಗುತ್ತದೆ ಎಂಬ ದಾಖಲೆಯನ್ನೂ ಕೇಳಿ. ನಿಮ್ಮ ಕಡೆಯಿಂದ ತಗಡಿನ ಶೆಡ್, ಮೊಳೆ ಹಾಗೂ ಕಬ್ಬಿಣದ ಚೂರು ತೆಗೆಯಲು ಮ್ಯಾಗ್ನೆಟ್ ಇರಲಿ. ಕೋರ್ (ಎರಕದೊಳಗೆ ಟೊಳ್ಳು ಬಿಡಿಸಲು ಇಡುವ ಉಸುಕಿನ ತಿರುಳು) ತುಂಡುಗಳಿಗೆ ಬೇರೆ ಗುಡ್ಡೆ ಮಾಡಿ.