ಬುಡದ ಮಣ್ಣು ಪರೀಕ್ಷೆಗೆ ಕೊಟ್ಟು ಮೂರು ಮಳೆಗಾಲ

ಬದಿಯಡ್ಕ ಹತ್ತಿರ ನಮ್ಮ ಅಡಿಕೆ ತೋಟ. ಮರಕ್ಕೆ ಹಬ್ಬಿಸಿದ ಪನ್ನಿಯೂರು ಮೆಣಸಿನ ಬಳ್ಳಿಗಳು ಆಟಿಯಲ್ಲಿ (ಜುಲೈ-ಆಗಸ್ಟಿನ ಜೋರು ಮಳೆಯ ತಿಂಗಳು) ಸೊರಗತೊಡಗಿದ ಮೇಲೆ ಒಂದು ಖಾಸಗಿ ಲ್ಯಾಬಿನ ಬೇರುಕೊಳೆ ಪರೀಕ್ಷೆಗೆ ಮಣ್ಣು ಕೊಡಲು ಶುರುಮಾಡಿದೆ. ಆ ಪರೀಕ್ಷೆಗೆ ನಾನು ಕೊಡುವುದು ಐದರಲ್ಲಿ ಮೂರೂವರೆ ಸ್ಟಾರ್.

ಮೊದಲ ವರ್ಷ 'ಫೈಟೋಫ್ತೋರಾ (ಬೇರು ಕೊಳೆಸುವ ರೋಗಾಣು) ಕಂಡುಬಂದಿಲ್ಲ' ಎಂದು ಬಂತು. ಆ ಧೈರ್ಯಕ್ಕೆ ಬುಡಕ್ಕೆ ಔಷಧಿ ಬಿಡಲಿಲ್ಲ. ಹದಿನೈದು ದಿನದೊಳಗೆ ಕೆಳಗಿನ ಸಾಲಿನ ಹನ್ನೊಂದು ಬಳ್ಳಿ ಎಲೆ ಉದುರಿಸಿ ಗಂಟುಗಂಟಿಗೆ ಕಳಚಿ ಬಿದ್ದವು. ಅರ್ಧ ತಪ್ಪು ನನ್ನದು. ಗೊಬ್ಬರದ ಲೆಕ್ಕಕ್ಕೆ ಮಣ್ಣು ಕಳಿಸುವ ಅಭ್ಯಾಸದಲ್ಲಿ ಜಗಲಿಯಲ್ಲಿ ಹರಡಿ ಒಣಗಿಸಿ ಕಟ್ಟಿದ್ದೆ. ನೀರಲ್ಲಿ ಈಜಿ ಬೇರು ಹುಡುಕುವ ಜಾತಿ, ಒಣಮಣ್ಣಲ್ಲಿ ಸಿಕ್ಕೀತೇ? ಉಳಿದರ್ಧ ಲ್ಯಾಬಿನದು, ಅವರ ಚೀಟಿಯಲ್ಲಿ ಒಣಗಿಸಬಾರದೆಂಬ ಒಂದು ಮಾತೇ ಇರಲಿಲ್ಲ.

ಮರುವರ್ಷ ಮೇಲಿನ ಕಸ ಸರಿಸಿ, ಆಗಷ್ಟೇ ಹಳದಿಗೆ ತಿರುಗಿದ ಬಳ್ಳಿಯ ಬುಡದಿಂದ ಸಪೂರ ಬೇರುಗಳ ಸಮೇತ ಹಸಿಮಣ್ಣು ಪ್ಲಾಸ್ಟಿಕ್ ತೊಟ್ಟೆಗೆ ತುಂಬಿ ಮರುದಿನವೇ ತಲುಪಿಸಿದೆ. ನಾಲ್ಕು ಜಾಗದಲ್ಲಿ ಎರಡರಲ್ಲಿ ರೋಗಾಣು ಸಿಕ್ಕಿತು. ಎರಡೂ ಕಣಿಯ (ನೀರು ಹರಿದುಹೋಗುವ ಕಾಲುವೆ) ಕೆಳಬದಿ. ಹೋಗಿ ನೋಡಿದರೆ ಕೊಳೆತ ಅಡಿಕೆ ಹಾಳೆಗಳು ಕಣಿಗೆ ಅಡ್ಡ ಸಿಕ್ಕಿ ನೀರು ಬುಡದಲ್ಲೇ ನಿಂತಿತ್ತು.

ವರದಿಯಲ್ಲಿ ಎರಡು ಲೆಕ್ಕ ಇರುತ್ತದೆ. ಒಂದು ಡಿಎನ್‌ಎ ಪ್ರಮಾಣ, ಅದರಲ್ಲಿ ಸತ್ತ ರೋಗಾಣುವೂ ಸೇರಬಹುದು. ಇನ್ನೊಂದು ಬೈಟ್, ಅಂದರೆ ಆಮಿಷ: ಮಣ್ಣಿಗೆ ನೀರು ಹಾಕಿ ಎಲೆಚೂರು ತೇಲಿಸುತ್ತಾರೆ, ಜೀವ ಇದ್ದದ್ದು ಈಜಿ ಬಂದು ಕಚ್ಚಿದರೆ ಎರಡು ಮೂರು ದಿನಕ್ಕೆ ಚೂರಿನ ಅಂಚು ಕಪ್ಪಾಗುತ್ತದೆ. ನಾನು ನಂಬುವುದು ಇದನ್ನೇ. ಲೀಟರಿಗೆ 2 ಗ್ರಾಂನಂತೆ ಕಾಪರ್ ಆಕ್ಸಿಕ್ಲೋರೈಡ್ ಬುಡಕ್ಕೆ ಹೊಯ್ದ ಮೇಲೆ ಕಪ್ಪಾದ ಚೂರುಗಳು ಕಡಿಮೆಯಾದವು, ಡಿಎನ್‌ಎ ಅಂಕಿ ಹೆಚ್ಚು ಅಲುಗಲಿಲ್ಲ. ಆ ಅಂಕಿಯನ್ನೇ ಹಿಡಿದು ಲ್ಯಾಬಿನವರು ಇನ್ನೊಂದು ಔಷಧಿ ಮಾರಲು ಫೋನ್ ಮಾಡಿದ್ದು ನನಗೆ ಹಿಡಿಸಲಿಲ್ಲ.

ಮನೆಯಲ್ಲೇ ಸ್ಟೀಲ್ ಲೋಟದಲ್ಲಿ ಹರಳೆಲೆ ತೇಲಿಸಿ ನೋಡಿದ್ದುಂಟು. ಕಪ್ಪೇನೋ ಆಯಿತು, ಆದರೆ ಪಿಥಿಯಂ ಎಂಬ ಇನ್ನೊಂದು ರೋಗಾಣು ಬಂದರೂ ಕಪ್ಪಾಗುತ್ತದೆ. ಮೈಕ್ರೋಸ್ಕೋಪ್ ಇಲ್ಲದೆ ತಿಳಿಯುವುದಿಲ್ಲ. ಅಮ್ಮ ಆ ಲೋಟವನ್ನು ಮತ್ತೆ ಅಡುಗೆಮನೆಗೆ ಸೇರಿಸಲಿಲ್ಲ.

ಬೇರಿಗೆ ಹತ್ತುವ ಜಂತುಹುಳದ (ನೆಮಟೋಡ್) ಪರೀಕ್ಷೆಗೆ ಬೇರೆ ದುಡ್ಡು. ಬಳ್ಳಿ ನಿಧಾನವಾಗಿ ಸೊರಗುವ ರೋಗ ತೋಟದಲ್ಲಿ ಇರುವವರು ಅದನ್ನು ಕೇಳಿಯೇ ಮಾಡಿಸಬೇಕು. ವರದಿ ಇಂಗ್ಲಿಷಿನಲ್ಲಿ, ಮೆಸೇಜು ಮಲಯಾಳದಲ್ಲಿ. ಕಾಸರಗೋಡಿನ ಕನ್ನಡದವರಿಗೆ ಹೊಸತೇನಲ್ಲ.

ಈ ಸಲ ಪತ್ತನಾಜೆಗೆ (ಮೇ ಕೊನೆಯ ಹೊತ್ತಿನ ತುಳುನಾಡಿನ ಆಚರಣೆ) ಮೊದಲೇ ಕಣಿ ಬಿಡಿಸಿದ್ದೇನೆ. ಮಳೆ ಹಿಡಿದ ಮೇಲೆ ಕೆಳಗಿನ ಸಾಲಿನದ್ದು ಮಾತ್ರ ಕಳಿಸುವುದು, ಅದೂ ಬೈಟ್‌ಗೆ ಮಾತ್ರ. ಗುಡ್ಡೆಬದಿಯ ಮಣ್ಣಿಗೆ ದುಡ್ಡು ಹಾಕುವುದಿಲ್ಲ.